ಹುಣ್ಣಿಗೆ ಕೇಳಿಸದ ಸದ್ದಿನ ಚಿಕಿತ್ಸೆ

ಕನಕಪುರದ ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಸಕ್ಕರೆ ಕಾಯಿಲೆಯ ಅಜ್ಜನಿಗೆ ಕಡ್ಡಿ ಚುಚ್ಚಿದ್ದೇ ತಿಳಿಯದಿರಬಹುದು. ಪಾದದ ನರಗಳು ಜಡವಾಗಿರುತ್ತವೆ. ರಕ್ತಸಂಚಾರವೂ ಕುಗ್ಗಿದ್ದರೆ ಹುಣ್ಣು ಸುಲಭವಾಗಿ ಮಾಯದು. ಕೊನೆಗೆ ಕಾಲನ್ನೇ ಕತ್ತರಿಸಬೇಕಾದೀತು.

ಇಂಥ ಹುಣ್ಣಿಗೆ ಶ್ರವಣಾತೀತ ಧ್ವನಿಯ ಚಿಕಿತ್ಸೆಯೂ ಇದೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳೇ ಮಿತಿ. ಬಾವಲಿಗೆ ಅದಕ್ಕೂ ಮೇಲಿನವು ಕೇಳಿಸುತ್ತವೆ. ಸುಮಾರು 40,000 ಕಂಪನಗಳ ಧ್ವನಿಯನ್ನು ಉಪ್ಪುನೀರಿನ ತುಂತುರಿನ ಮೂಲಕ ಹಾಯಿಸಿದಾಗ ಸೂಕ್ಷ್ಮ ಗುಳ್ಳೆಗಳು ಕಂಪಿಸಿ, ಸತ್ತ ಅಂಗಾಂಶವನ್ನೂ ರೋಗಾಣುಗಳ ಲೋಳೆಪದರವನ್ನೂ ಸಡಿಲಿಸುತ್ತವೆ ಎಂಬುದು ವಿವರಣೆ. ಆದರೆ ಯಂತ್ರ ಮಾರುವವರು ಏನೇ ಹೇಳಲಿ, ನಡೆದಿರುವ ಪ್ರಯೋಗಗಳು ಬಹುಪಾಲು ಸಣ್ಣವು. ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡುವುದು, ಸಕ್ಕರೆಯ ಹತೋಟಿ, ಸೋಂಕಿಗೆ ಔಷಧ ಇವು ತಪ್ಪುವುದಿಲ್ಲ.

ಬಗ್ಗಲಾರದ ಅಜ್ಜನ ಅಂಗಾಲನ್ನು ದಿನವೂ ಬೆಳಕಿನಲ್ಲಿ ನೋಡುವ ಕೆಲಸ ಮೊಮ್ಮಕ್ಕಳದು. ಕೆಂಪು, ಬೊಬ್ಬೆ, ಬಿರುಕು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.