ಡಬ್ಬಿಯ ಮೇಲಿನ ಬಣ್ಣ ಏನು ಹೇಳುತ್ತದೆ?

ಸಹೋದರಿಯರೇ, ಅಕ್ಕಿಗೆ ಹುಳ ಬಿದ್ದರೆ, ಗಿಡಕ್ಕೆ ಹೇನು ಹತ್ತಿದರೆ, ಸೊಳ್ಳೆ ಕಾಟ ಹೆಚ್ಚಾದರೆ ಅಂಗಡಿಯಿಂದ ಯಾವುದೋ ‘ಔಷಧಿ’ ಮನೆಗೆ ಬರುತ್ತದೆ. ನಾವು ಔಷಧಿ ಎಂದರೂ ಅದು ವಿಷವೇ. ಎಂಥ ವಿಷ ಎಂಬುದನ್ನು ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ತಿಳಿಸುತ್ತದೆ. ಅದರ ಕೆಳಗಿನ ಅರ್ಧ ಬಣ್ಣದ್ದು. 1971ರ ಕೀಟನಾಶಕ ನಿಯಮಗಳ ಪ್ರಕಾರ ಇದು ಕಡ್ಡಾಯ.

ಕೆಂಪು ಅತಿ ಘೋರ ವಿಷ. ಜೊತೆಗೆ ತಲೆಬುರುಡೆಯ ಚಿತ್ರವೂ ಇರುತ್ತದೆ. ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಪ್ರಯೋಗಾಲಯದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಕಿಲೋ ಒಂದಕ್ಕೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಬೇಕು ಎಂಬುದು ಇದರ ಮುಖ್ಯ ಅಳತೆ. 50ರ ವರೆಗೆ ಕೆಂಪು, 500ರ ವರೆಗೆ ಹಳದಿ, 5000ರ ವರೆಗೆ ನೀಲಿ. ಹಳದಿಯಾದರೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಅದೇ ಲೆಕ್ಕ ಹಿಡಿದರೆ 10 ಕಿಲೋ ತೂಕದ ಮಗುವಿಗೆ ಹಳದಿಯ ಕೊನೆಯ ಗಡಿಯೇ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ!

ಅಂಗಡಿ, ತೋಟ ನಡೆಸುವ ಮನೆಯವರಿಗೆ ಕಂಪೆನಿಯ ಸುರಕ್ಷಾ ಮಾಹಿತಿ ಪತ್ರವೂ ಸಿಗುತ್ತದೆ. 16 ಭಾಗಗಳ ಆ ಪತ್ರದಲ್ಲಿ 4ನೆಯದು ಪ್ರಥಮ ಚಿಕಿತ್ಸೆ, 11ನೆಯದು ವಿಷದ ಪ್ರಮಾಣ. ಗೊಂದಲವಾಗುವುದು ಇಲ್ಲಿಯೇ. ಮೊನೊಕ್ರೊಟೊಫಾಸ್‌ನ ಅಳತೆ 14 ಮಿಲಿಗ್ರಾಂ. ನಮ್ಮ ದೇಶದ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ, ಕೆಂಪು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಅದು ಎರಡನೇ ಮೆಟ್ಟಿಲು, ‘ಒಂದು-ಬಿ’. ವಿಶ್ವಸಂಸ್ಥೆಯ ಜಾಗತಿಕ ಪದ್ಧತಿಯಲ್ಲಿ ‘ವರ್ಗ 2’. ವಿಷ ಒಂದೇ, ಗೆರೆ ಎಳೆದ ಜಾಗ ಬೇರೆ ಬೇರೆ. ಅಂಕಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು ಎಂಬುದು ನೆನಪಿರಲಿ. ಹಲವರು ತಿರುವುಮುರುವಾಗಿ ಓದುತ್ತಾರೆ.

2013ರ ಜುಲೈಯಲ್ಲಿ ಬಿಹಾರದ ಸಾರನ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಇದೇ ಮೊನೊಕ್ರೊಟೊಫಾಸ್. ಅಡುಗೆ ಎಣ್ಣೆಯಲ್ಲಿ ಅದು ಪತ್ತೆಯಾಯಿತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಎಣ್ಣೆ ತುಂಬಿಸಿಟ್ಟಿದ್ದಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಗಟ್ಟಿ ಡಬ್ಬಿ ಎಸೆಯಲು ನಮಗೆ ಮನಸ್ಸೇ ಬರುವುದಿಲ್ಲವಲ್ಲ! ಇದಕ್ಕೆ ವಿರುದ್ಧವಾದದ್ದೂ ಅಷ್ಟೇ ಅಪಾಯಕಾರಿ. ವಿಷವನ್ನು ಶರಬತ್ತಿನ ಬಾಟಲಿಗೆ ಸುರಿದಿಟ್ಟರೆ ಬಣ್ಣದ ಚೌಕ ಹಳೆಯ ಡಬ್ಬಿಯಲ್ಲೇ ಉಳಿಯುತ್ತದೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು ಪ್ರವಾದಿವರ್ಯರು(ಸ) ಕಲಿಸಿದ ಸಮುದಾಯ ನಮ್ಮದು.

ಧಾನ್ಯಕ್ಕಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಮನೆಯೊಳಗೆ ಬರಲೇಬಾರದು. ತೇವಾಂಶ ತಾಗಿದರೆ ಅದರಿಂದ ವಿಷಾನಿಲ ಹೊರಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಶೌಚಾಲಯದ ಆ್ಯಸಿಡ್, ಬ್ಲೀಚಿಂಗ್ ಪೌಡರ್‌ಗಳ ಮೇಲೆ ಈ ಚೌಕ ಹುಡುಕಬೇಡಿ, ಅವು ಕೀಟನಾಶಕವಾಗಿ ಮಾರಾಟವಾಗುವಂಥವಲ್ಲ. ಹಾಗೆಂದು ಅವೆರಡನ್ನು ಬೆರೆಸಿದಿರೋ, ಕ್ಲೋರಿನ್ ಅನಿಲ ಏಳುತ್ತದೆ.

ಮಗು ಏನಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆಸ್ಪತ್ರೆಗೆ ಓಡುವಾಗ ಡಬ್ಬಿಯನ್ನೂ ಕೊಂಡೊಯ್ಯಿರಿ. ಅದರಲ್ಲಿ ವಿಷದ ಹೆಸರೂ ಪ್ರತಿವಿಷದ ವಿವರವೂ ಅಚ್ಚಾಗಿರುತ್ತದೆ, ವೈದ್ಯರು ಮೊದಲು ಕೇಳುವುದು ಅದನ್ನೇ.