ನಾಲ್ಕು ಕಿಲೋಮೀಟರ್ ರೀಲು, ಮೂವತ್ತು ಸೆಕೆಂಡಿನ ರೀಲು

ಯುಗಾದಿಗೆ ಊರಿಗೆ ಹೋಗಿದ್ದೆ. ಹೊಸತೊಡಕಿನ ದಿನ ಬೆಳಗ್ಗೆ ಅವ್ವ ಸಾರಿಗೆ ಖಾರ ರುಬ್ಬುತ್ತಿದ್ದಳು, ಅತ್ತಿಗೆ ಒಲೆ ಮುಂದೆ ಇದ್ದರು, ನಾನು ಈರುಳ್ಳಿ ಹೆಚ್ಚುತ್ತಾ ಕೂತಿದ್ದೆ. ಅಷ್ಟರಲ್ಲಿ ಅಣ್ಣನಿಗೆ ಠಾಣೆಯಿಂದ ಫೋನ್ ಬಂತು. "ನಿಮ್ ಹುಡುಗ ಮಚ್ಚು ಹಿಡ್ಕೊಂಡು ರೀಲ್ಸ್ ಹಾಕವ್ನೆ. ಡಿಲೀಟ್ ಮಾಡ್ಸಿ ಕರ್ಕೊಂಡು ಬನ್ನಿ" ಅಂದರಂತೆ. ಬೈಗುಳ ಇಲ್ಲ, ಜೋರು ಇಲ್ಲ. ಆದರೂ ಅಣ್ಣನ ಮುಖ ಬಿಳುಚಿಕೊಂಡಿತು. ನಮ್ಮ ಮನೆಯಲ್ಲಿ ಯಾರೂ ಅಲ್ಲಿಯವರೆಗೆ ಠಾಣೆ ಮೆಟ್ಟಿಲು ಹತ್ತಿದವರಲ್ಲ.

ಹುಡುಗನಿಗೆ ಹದಿನೇಳು. ಪಿಯುಸಿ ಓದುತ್ತಿದ್ದಾನೆ. ರೀಲ್ಸ್ ತೆಗೆದು ನೋಡಿದೆ. ನಮ್ಮದೇ ಗದ್ದೆಯ ಬದು, ಹಿಂದೆ ಕಬ್ಬು. ಕಪ್ಪು ಶರ್ಟು ಹಾಕಿಕೊಂಡು, ಕಬ್ಬು ಕಡಿಯೋ ಮಚ್ಚು ಹೆಗಲ ಮೇಲಿಟ್ಟುಕೊಂಡು ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾನೆ. ಹಿನ್ನೆಲೆಯಲ್ಲಿ 'ಓಂ' ಸಿನಿಮಾದ ಮ್ಯೂಸಿಕ್ಕು. ಮೂವತ್ತು ಸೆಕೆಂಡು, ಅಷ್ಟೇ. ನನಗೆ ಮೊದಲು ನಗು ಬಂತು. ಆಮೇಲೆ ಬೆಂಗಳೂರಿನ ಸುದ್ದಿ ನೆನಪಾಯಿತು. 2025ರ ಮಾರ್ಚ್‌ನಲ್ಲಿ ಟಿವಿ ಶೋನಿಂದ ಹೆಸರಾದ ಇಬ್ಬರ ಮೇಲೆ ಇಂಥದ್ದೇ ರೀಲ್ಸಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬಿದ್ದಿತ್ತು. ಹೆಸರಿದ್ದವರಿಗೆ ಲಾಯರು ಸಿಗುತ್ತಾರೆ. ನಮ್ಮ ಹುಡುಗನಿಗೆ ನಾಳೆ ಕಾಲೇಜು ಸೇರೋದಿದೆ, ಕೆಲಸ ಹುಡುಕೋದಿದೆ.

ಪುಣ್ಯಕ್ಕೆ ಠಾಣೆಯಲ್ಲಿ ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಮನೆಗೆ ಬಂದ ಅಣ್ಣ ಜಗಲಿ ಮೇಲೆ ಕೂತು ಹೇಳಿದ್ದು ಒಂದೇ ಮಾತು: "ಅವನದೇನು ತಪ್ಪು ಕಣಮ್ಮ. 'ಓಂ' ಅಂದ್ರೆ ಏನು ಅಂತ ಅವನ ತಲೆಗೆ ತುಂಬಿದವನೇ ನಾನು."

ಅವತ್ತಿನಿಂದ ನನ್ನ ತಲೆಯಲ್ಲಿ ಈ ಸಿನಿಮಾನೇ ಕೂತಿದೆ.

'ಓಂ' ಬಿಡುಗಡೆಯಾದದ್ದು 1995ರ ಮೇ 19ಕ್ಕೆ. ನಾನು ಹುಟ್ಟಿದ್ದೂ ಅದೇ ವರ್ಷ. 'ತರ್ಲೆ ನನ್ಮಗ', 'ಶ್!' ಆದಮೇಲೆ ಉಪೇಂದ್ರ ನಿರ್ದೇಶಿಸಿದ ಮೂರನೇ ಸಿನಿಮಾ. ಡಾ. ರಾಜ್ ಕುಟುಂಬದ್ದೇ ನಿರ್ಮಾಣ, ಹಂಸಲೇಖ ಸಂಗೀತ, ಬಿ.ಸಿ. ಗೌರಿಶಂಕರ್ ಕ್ಯಾಮೆರಾ. ಶಿವರಾಜ್‌ಕುಮಾರ್ ಅರ್ಚಕರ ಮಗ ಸತ್ಯ, ಪ್ರೇಮಾ ಮಾಧುರಿ. ಅಣ್ಣಾವ್ರ ಮಗನನ್ನು ಗಡ್ಡ ಬಿಟ್ಟು ಲಾಂಗು ಹಿಡಿದವನಾಗಿ ತೋರಿಸೋದು ಆಗ ಸಣ್ಣ ಧೈರ್ಯ ಅಲ್ಲ. ಅದಕ್ಕಿಂತ ದೊಡ್ಡ ಧೈರ್ಯ, ಬೆಕ್ಕಿನಕಣ್ಣು ರಾಜೇಂದ್ರ, ಕೊರಂಗು ಕೃಷ್ಣ ಥರದ ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದು. ಆಗಿನ ಬೆಂಗಳೂರಿನವರು ಪೇಪರಿನಲ್ಲಿ ಓದುತ್ತಿದ್ದ ಹೆಸರುಗಳು ಪರದೆ ಮೇಲೆ ನಡೆದು ಬಂದವು.

ಆ ಹೆಸರುಗಳ ಹಿಂದೆ ಒಂದು ಊರಿನ ಕಥೆ ಇದೆ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಬೆಂಗಳೂರು ಅಂದರೆ ಜಯರಾಜ್, ಕೊತ್ವಾಲ್ ರಾಮಚಂದ್ರ. ಅಗ್ನಿ ಶ್ರೀಧರ್ 'ದಾದಾಗಿರಿಯ ದಿನಗಳು' ಬರೆದು, ಅದು 2007ರಲ್ಲಿ 'ಆ ದಿನಗಳು' ಸಿನಿಮಾ ಆದಮೇಲೆ ಆ ಲೋಕ ನಮ್ಮ ತಲೆಮಾರಿಗೂ ಗೊತ್ತಾಯಿತು. 'ಓಂ' ಬರೋ ಹೊತ್ತಿಗೆ ಅವರಿಬ್ಬರೂ ಕೊಲೆಯಾಗಿ ವರ್ಷಗಳಾಗಿದ್ದವು. 1991ರ ಉದಾರೀಕರಣ ಆಗಿತ್ತು. ಬೆಂಗಳೂರು ಬೆಳೆಯೋದಕ್ಕೆ ಶುರುವಾಗಿತ್ತು, ಜಾಗಕ್ಕೆ ಬೆಲೆ ಬರುತ್ತಿತ್ತು. ಓದಿದ, ಓದದ, ಕೆಲಸ ಇಲ್ಲದ ಹುಡುಗರು ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಿದ್ದರು.

ಹಾಗಿರುವಾಗ ಉಪೇಂದ್ರ ನಾಯಕನನ್ನು ಅರ್ಚಕರ ಮನೆಯಿಂದ ಯಾಕೆ ತಂದರು? ನನಗನ್ನಿಸೋದು ಇಷ್ಟು. ಕೊಳೆಗೇರಿಯ ಹುಡುಗ ಲಾಂಗು ಹಿಡಿದಿದ್ದರೆ ಮಧ್ಯಮ ವರ್ಗದವರು "ಅವನ ಹಣೆಬರಹ" ಅಂತ ಎದ್ದು ಹೋಗುತ್ತಿದ್ದರು. ಮಡಿ ಉಟ್ಟು ಪೂಜೆ ಮಾಡೋ ಅಪ್ಪನ ಮಗ ಹಿಡಿದಾಗ ಎಲ್ಲರ ಎದೆಯೂ ಒಂದು ಸಲ ಧಸಕ್ಕಂದಿತು. ನಮ್ಮ ಮನೆಯ ಹುಡುಗನೂ ಹೀಗಾಗಬಹುದಾ? ಆ ಭಯವೇ ಈ ಸಿನಿಮಾದ ಬಂಡವಾಳ. ಹೆಸರನ್ನೇ 'ಓಂ' ಅಂತ ಇಟ್ಟು, ರೌಡಿಯ ಕಥೆಯಲ್ಲಿ ಡಾ. ರಾಜ್ ದನಿಯಲ್ಲಿ ಪ್ರಾರ್ಥನೆಯ ಹಾಡು ಹಾಡಿಸಿದ್ದೂ ಅದಕ್ಕೇ ಇರಬೇಕು.

ಇನ್ನು ಲಾಂಗಿನ ವಿಷಯ. ಮುಂಬೈಯ ಗ್ಯಾಂಗ್‌ಸ್ಟರ್ ಸಿನಿಮಾಗಳಲ್ಲಿ ಪಿಸ್ತೂಲು ಇರುತ್ತೆ. ರಾಮ್ ಗೋಪಾಲ್ ವರ್ಮಾ ಅವರ 1998ರ ಸಿನಿಮಾದ ಹೆಸರೂ 'ಸತ್ಯ'ನೇ, ಅಲ್ಲೂ ಗುಂಡಿನ ಸದ್ದೇ. ನಮ್ಮ ಸತ್ಯನ ಕೈಯಲ್ಲಿ ಮಾತ್ರ ಲಾಂಗು. ಪಿಸ್ತೂಲಿಗೆ ಸಮುದ್ರ ದಾಟಿ ಬರೋ ಕಳ್ಳಸಾಗಣೆ ಬೇಕು, ದುಡ್ಡು ಬೇಕು. ಲಾಂಗಿಗೆ ಒಬ್ಬ ಕಮ್ಮಾರ ಸಾಕು. ನಮ್ಮ ಕಡೆ ಕಬ್ಬು ಕಡಿಯೋ, ಎಳನೀರು ಕೊಚ್ಚೋ ಮಚ್ಚಿಗೆ ಪಟ್ಟಣದಲ್ಲಿ ಉದ್ದ ಬೆಳೆದು ಲಾಂಗು ಅಂತ ಹೆಸರಾಯಿತು. ಹಳ್ಳಿಯಿಂದ ಹೋದ ಹುಡುಗನಿಗೆ ಆ ಹಿಡಿ ಹೊಸದೇನಲ್ಲ. ಪಿಸ್ತೂಲಾದರೆ ದೂರದಿಂದಲೇ ಕೆಲಸ ಮುಗಿಯುತ್ತೆ. ಲಾಂಗು ಹಿಡಿದವನು ಎದುರಾಳಿಯ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು. ಅದಕ್ಕೇ ನಮ್ಮ ರೌಡಿ ಸಿನಿಮಾಗಳಲ್ಲಿ ಅಷ್ಟೊಂದು ಮುಖಗಳು, ಅಷ್ಟೊಂದು ಬೆವರು.

ಸಾಫ್ಟ್‌ವೇರ್ ಕೆಲಸದವಳಾದ ನನಗೆ ಆ ಇಸವಿಯೇ ಒಂದು ಕುತೂಹಲ. 'ಓಂ' ಬಂದ ಎರಡೂವರೆ ತಿಂಗಳಿಗೆ, 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಅನ್ನು ಜನರಿಗೆ ಬಿಟ್ಟಿತು. ಅಂದರೆ ಮೊಬೈಲು, ಇಂಟರ್ನೆಟ್ಟು ಎರಡೂ ಇಲ್ಲದ ಕೊನೆಯ ದಿನಗಳ ಭೂಗತ ಲೋಕ ಈ ಸಿನಿಮಾದಲ್ಲಿ ಉಳಿದುಕೊಂಡಿದೆ. ಆಗ ರೌಡಿಯ ಹೆಸರು ಬಾಯಿಂದ ಬಾಯಿಗೆ ಹರಡಬೇಕು. ಒಬ್ಬನನ್ನು ಹುಡುಕಬೇಕಾದರೆ ನಾಲ್ಕು ಹುಡುಗರನ್ನು ಬೀದಿಬೀದಿಗೆ ಕಳಿಸಬೇಕು. ಹೆಸರು ನಡೆಯೋದೂ ನಾಲ್ಕು ಬೀದಿಯೊಳಗೇ.

ಸಿನಿಮಾ ನೋಡೋದೂ ಹಾಗೇ ಇತ್ತು. 'ಓಂ' ಅನ್ನು ಇಪ್ಪತ್ತು ವರ್ಷ ಟಿವಿಗೆ ಕೊಡಲಿಲ್ಲ. ನೋಡಬೇಕಾದರೆ ಟಾಕೀಸಿಗೇ ಹೋಗಬೇಕು. ಹಾಗಾಗಿ ಮತ್ತೆ ಮತ್ತೆ ಬಿಡುಗಡೆ ಆಗುತ್ತಲೇ ಇತ್ತು. ಐನೂರು ಸಲಕ್ಕೂ ಹೆಚ್ಚು ಅನ್ನುತ್ತಾರೆ. ಯಾವುದಾದರೂ ಹೊಸ ಸಿನಿಮಾ ಮೂರೇ ದಿನಕ್ಕೆ ಎತ್ತಂಗಡಿಯಾದರೆ ಆ ಜಾಗಕ್ಕೆ 'ಓಂ' ಬರೋದು. ಅಣ್ಣ ಕಿಕ್ಕೇರಿಯಿಂದ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋಗಿ ಐದು ಸಲ ನೋಡಿದ್ದಾನೆ. ಪ್ರಿಂಟು ಸವೆದು ಪರದೆ ಮೇಲೆ ಮಳೆ ಸುರಿದ ಹಾಗೆ ಗೆರೆ ಬೀಳುತ್ತಿತ್ತಂತೆ. ಒಂದೇ ಪ್ರಿಂಟು ಎರಡು ಟಾಕೀಸಿಗೆ ಓಡಾಡೋದು, ರೀಲಿನ ಡಬ್ಬ ಬರೋದು ತಡವಾದರೆ ಶಿಳ್ಳೆ, ಕೂಗಾಟ.

ಒಂದು ಲೆಕ್ಕ ಹಾಕಿದೆ. ಆ ಕಾಲದ 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಟಿಕೆಟ್ ತಗೊಂಡವನು ಆ ನಾಲ್ಕು ಕಿಲೋಮೀಟರೂ ನಡೆಯಬೇಕು. ಸತ್ಯ ಲಾಂಗು ಬೀಸೋದಕ್ಕೆ ಶಿಳ್ಳೆ ಹೊಡೆದವನು, ಅದೇ ಸತ್ಯ ಅಪ್ಪನ ಎದುರು ತಲೆ ತಗ್ಗಿಸಿ ನಿಲ್ಲೋದನ್ನೂ ಕೂತು ನೋಡಬೇಕು. ಬೇಡವಾದರೆ ಎದ್ದು ಹೋಗಬೇಕು, ಅಷ್ಟೇ. ಓಡಿಸೋದಕ್ಕೆ ಬೆರಳಿಗೆ ಏನೂ ಸಿಗೋದಿಲ್ಲ.

ನಮ್ಮ ಹುಡುಗನ ಮೂವತ್ತು ಸೆಕೆಂಡಿನ ರೀಲು ಫಿಲ್ಮಿನ ಲೆಕ್ಕದಲ್ಲಿ 45 ಅಡಿ. ನಮ್ಮ ಕಡೆ ಸುಳ್ಳು ಹೇಳೋರಿಗೆ "ರೀಲು ಬಿಡಬೇಡ" ಅಂತೀವಲ್ಲ, 13,455 ಅಡಿ ಕತ್ತರಿಸಿ ಎಸೆದು 45 ಅಡಿ ತೋರಿಸೋದೂ ಹಾಗೆಯೇ ರೀಲು ಬಿಡೋದು. ಅದರಲ್ಲಿ ಇರೋದೆಲ್ಲ ಸಿನಿಮಾದಲ್ಲೂ ಇದೆ. ಆದರೂ ಅದು ಸುಳ್ಳು.

ಹಾಗಂತ ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳಲಾರೆ. ಯಾಕಂದರೆ ಆ ಟಾಕೀಸಿನಲ್ಲಿ ನಾವು ಇರಲಿಲ್ಲ. 'ಓಂ' ಮರುಬಿಡುಗಡೆ ಅಂದರೆ ಗಂಡು ಹುಡುಗರ ಜಾತ್ರೆ. ನಾನು ಕಾಲೇಜಿನಲ್ಲಿದ್ದಾಗ ಕೇಳಿದ್ದಕ್ಕೆ ಅಣ್ಣ, "ಅದು ಹೆಣ್ಮಕ್ಳು ಹೋಗೋ ಸಿನಿಮಾ ಅಲ್ಲ" ಅಂದಿದ್ದ. ಅವ್ವನಿಗಂತೂ ಅದು ಗಂಡನೂ ಮಗನೂ ಹೊಗಳೋ ಸಿನಿಮಾ, ಅಷ್ಟೇ. 2015ರಲ್ಲಿ ಡಿಜಿಟಲ್ ಆಗಿ ಮತ್ತೆ ಬಂದು, ಅದೇ ವರ್ಷ ಟಿವಿಗೂ ಬಂದಾಗಲೇ ನಾವಿಬ್ಬರೂ ಮನೆಯಲ್ಲಿ ಕೂತು ನೋಡಿದ್ದು. ಊರಿನ ಗಂಡಸರಿಗೆಲ್ಲ ಬಾಯಿಪಾಠವಾಗಿದ್ದ ಕಥೆ ಹೆಂಗಸರ ಕಣ್ಣಿಗೆ ಬಿದ್ದದ್ದು ಇಪ್ಪತ್ತು ವರ್ಷ ತಡವಾಗಿ.

ಅವ್ವ ಅವರೆಕಾಯಿ ಸುಲಿಯುತ್ತಾ ನೋಡಿದಳು. ಮಾಧುರಿಯನ್ನು ಸತ್ಯ ಹಿಡಿದು ಎಳೆದೊಯ್ಯೋದು ಬಂತು. ಆಮೇಲೆ ಫ್ಲ್ಯಾಶ್‌ಬ್ಯಾಕಿನಲ್ಲಿ, ಅವನು ಹೀಗಾಗೋದಕ್ಕೆ ಅವಳೇ ಕಾರಣ ಅಂತ ಬಂತು. ಅವ್ವ ಸುಲಿಯೋದು ನಿಲ್ಲಿಸಿ, "ಕೊನೇಗೆ ಎಲ್ಲಾನೂ ಹೆಣ್ಣಿನ ತಲೆಗೇ ಕಟ್ಟುದ್ರಲ್ಲವ್ವ" ಅಂದಳು. ವಿಮರ್ಶಕರು ಆ ನಿರೂಪಣೆಯನ್ನು ಎಷ್ಟೋ ಹೊಗಳಿದ್ದಾರೆ. ಕಥೆಯನ್ನು ಹಿಂದುಮುಂದು ಮಾಡಿ ಹೇಳಿದ್ದು ಕನ್ನಡಕ್ಕೆ ಹೊಸದು, ನಿಜ. ಆದರೆ ಮೊದಲು ಅವನ ಕ್ರೌರ್ಯ ತೋರಿಸಿ, ಆಮೇಲೆ ಅದರ ಬಿಲ್ಲನ್ನು ಅವಳ ಕೈಗೆ ಕೊಡೋದೂ ಅದೇ ತಂತ್ರ ಅನ್ನೋದನ್ನು ಅವ್ವ ಒಂದೇ ಮಾತಿನಲ್ಲಿ ಹಿಡಿದಿದ್ದಳು. ತೊಂಬತ್ತರ ದಶಕದ ನಮ್ಮ ಸಮಾಜ ಆ ಫ್ಲ್ಯಾಶ್‌ಬ್ಯಾಕಿನಲ್ಲಿ ಇದ್ದ ಹಾಗೇ ಇದೆ. ಹುಡುಗಿ ಬೇಡ ಅಂದರೂ ಹಿಂದೆ ಬೀಳೋದನ್ನು ಪ್ರೀತಿ ಅಂತ ಒಪ್ಪಿಕೊಂಡಿದ್ದ ಸಮಾಜ ಅದು.

ಇದನ್ನು ಬರೆಯುವಾಗ ನಮ್ಮೂರಿನ ಇನ್ನೊಂದು ವಿಷಯ ನೆನಪಾಗುತ್ತೆ. ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. 1942ರ ಅವರ 'ಮೈಸೂರು ಮಲ್ಲಿಗೆ' ಆಧಾರದ ಮೇಲೆ ನಾಗಾಭರಣ ಸಿನಿಮಾ ಮಾಡಿದ್ದು 1992ರಲ್ಲಿ. ಅದಾದ ಮೂರೇ ವರ್ಷಕ್ಕೆ 'ಓಂ'. ಒಂದರಲ್ಲಿ ಪ್ರೀತಿ ಅಂದರೆ ಹೆಂಡತಿಯ ತವರಿನ ದಾರಿ ಕಾಯೋ ಸಂಕೋಚ, ಇನ್ನೊಂದರಲ್ಲಿ ಪ್ರೀತಿ ಅಂದರೆ ಹಿಡಿದೆಳೆಯೋ ಹಟ. ನಮ್ಮೂರ ಹುಡುಗರ ಫೋನಿನಲ್ಲಿ ಎರಡನೆಯದು ಮಾತ್ರ ಓಡಾಡುತ್ತಿದೆ.

ಹೊಸತೊಡಕಿನ ರಾತ್ರಿ ಊಟ ಆದಮೇಲೆ ಅಣ್ಣನೇ ಟಿವಿಯಲ್ಲಿ 'ಓಂ' ಹಾಕಿದ. "ಪೂರ್ತಿ ನೋಡ್ಲಾ. ಮೊಬೈಲ್ ಅಲ್ಲಿಟ್ಟು ಬಾ" ಅಂದ. ಹುಡುಗ ಮುಖ ಊದಿಸಿಕೊಂಡು ಬಂದು ಕೂತ. ಆಗಲೇ ಗೊತ್ತಾಗಿದ್ದು, ಆ ಮ್ಯೂಸಿಕ್ಕು ಹಾಕಿ ರೀಲ್ಸ್ ಮಾಡಿದವನು ಸಿನಿಮಾನ ಒಂದು ಸಲವೂ ಪೂರ್ತಿ ನೋಡಿಯೇ ಇರಲಿಲ್ಲ. ತುಂಡುತುಂಡಾಗಿ ಎಲ್ಲಾ ಫೈಟೂ ನೋಡಿದ್ದ. ಡೈಲಾಗೂ ಬರುತ್ತಿತ್ತು. ಕಥೆ ಗೊತ್ತಿರಲಿಲ್ಲ.

ಅರ್ಧ ಗಂಟೆ ಚಡಪಡಿಸಿದ. ಎರಡು ಸಲ ನೀರು ಕುಡಿಯೋ ನೆಪದಲ್ಲಿ ಎದ್ದ. ಅಪ್ಪ-ಮಗನ ದೃಶ್ಯ ಬಂದಾಗ ನಾನು ಟಿವಿ ಬಿಟ್ಟು ಅಣ್ಣನ ಮುಖ ನೋಡಿದೆ. ಹದಿನಾರರಲ್ಲಿ ಸತ್ಯನಿಗೆ ಶಿಳ್ಳೆ ಹೊಡೆದವನು ಈಗ ನಲವತ್ತು ದಾಟಿ, ಅವತ್ತು ಬೆಳಗ್ಗೆ ಠಾಣೆಯ ಬೆಂಚಿನ ಮೇಲೆ ಮಗನ ಪಕ್ಕ ಕೂತು ಬಂದಿದ್ದ. "ಆಗ ಈ ಸೀನ್ ಬಂದ್ರೆ ಬೀಡಿ ಸೇದಕ್ಕೆ ಆಚೆ ಹೋಗ್ತಿದ್ವಿ" ಅಂತ ತನ್ನಷ್ಟಕ್ಕೆ ಹೇಳಿಕೊಂಡ. ಟಾಕೀಸಿನಲ್ಲೂ ಕತ್ತರಿ ಇತ್ತು ಅಂತಾಯಿತು. ಎರಡೂವರೆ ಗಂಟೆ ಕೂತವರೆಲ್ಲ ಎರಡೂವರೆ ಗಂಟೆ ನೋಡಿದವರಲ್ಲ.

ಮುಗಿದಮೇಲೆ ಹುಡುಗ ಕೇಳಿದ ಪ್ರಶ್ನೆ ಇದು: "ಅತ್ತೆ, ಅಷ್ಟೆಲ್ಲಾ ಆಗೋಕೆ ಮುಂಚೆ ಅವ್ನು ಆ ಹುಡುಗಿನ ಕೂರಿಸ್ಕೊಂಡು ಒಂದ್ಸಲ ಸರಿಯಾಗಿ ಕೇಳ್ಬೋದಿತ್ತಲ್ವಾ?"

"ಕೇಳಿದ್ರೆ ಸಿನಿಮಾನೇ ಇರ್ತಿರ್ಲಿಲ್ಲ ಕಣೋ" ಅಂದೆ.

"ಇಲ್ದಿದ್ರೆ ಒಳ್ಳೇದೇ ಆಯ್ತಿತ್ತು" ಅಂತ ಒಳಗಿನಿಂದ ಅವ್ವ.

ಅವನು ಬದಲಾದ ಅಂತ ನಾನು ಬರೆದರೆ ಅದೂ ರೀಲು ಬಿಟ್ಟ ಹಾಗೆ. ಬೆಳಗ್ಗೆ ಎದ್ದವನೇ ಮತ್ತೆ ಫೋನ್ ಹಿಡಿದಿದ್ದ. ಅಣ್ಣ ಅದನ್ನು ಕಿತ್ತುಕೊಳ್ಳಲೂ ಇಲ್ಲ. ಭಾನುವಾರಕ್ಕೆ ಒಂದು ಸಿನಿಮಾ, ಮನೆಯವರೆಲ್ಲ ಕೂತು, ಮೊದಲಿಂದ ಕೊನೇವರೆಗೆ ಅಂತ ಮಾತಾಗಿದೆ. ಮುಂದಿನದು 'ಜೋಗಿ'. ಅದರಲ್ಲೂ ಲಾಂಗು ಇದೆ, ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗೋ ತಾಯಿಯೂ ಇದ್ದಾಳೆ. ರೀಲ್ಸಿನಲ್ಲಿ ಲಾಂಗು ಸಿಗುತ್ತೆ. ತಾಯಿ ಸಿಗಬೇಕಾದರೆ ಪೂರ್ತಿ ನೋಡಬೇಕು. ನಿಮ್ಮ ಮನೆಯಲ್ಲೂ ಇಂಥ ವಯಸ್ಸಿನ ಹುಡುಗ ಇದ್ದರೆ ಬೈಯೋದಕ್ಕೆ ಮೊದಲು ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ಬೀಡಿಗೆ, ನೀರಿಗೆ ಅಂತ ನೀವೂ ಎದ್ದು ಹೋಗಬೇಡಿ.