ಕೊಪ್ಪೆ ಜೇಡ ಎನ್ನೋಣವೇ?

ಮಳೆಗಾಲ ಮುಗಿದ ಮೇಲೊಂದು ಬೆಳಿಗ್ಗೆ, ಕಾಳುಮೆಣಸಿನ ಬಳ್ಳಿಗೆ ಸಿಕ್ಕಿಕೊಂಡಿದ್ದ ಒಣ ಎಲೆಯನ್ನು ಕೀಳಲು ಕೈ ಹಾಕಿದೆ. ಎಲೆ ಕಾಲು ಬಿಚ್ಚಿ ನಡೆಯಿತು! ಕಂದು ಮೈ, ತುಂಬ ರೋಮ, ಹಿಂಬದಿ ಚೂಪಾಗಿ ಬಾಗಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಆ ಜೇಡದ ಹೆಸರು ನನಗೆ ತಿಳಿಯಲಿಲ್ಲ.

ಆಗ ನೆನಪಾದದ್ದು 2016ರಲ್ಲಿ ಸುದ್ದಿಯಾದ ಜೇಡ. ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಅವರು ನಮ್ಮ ಮಲೆನಾಡಿನ ಕಾನುಕಾಡಿನಲ್ಲಿ ಸಿಕ್ಕಿದ್ದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಉದ್ದ 7 ಮಿಲಿಮೀಟರಿನ ಆಸುಪಾಸು. ಹಗಲೆಲ್ಲ ತರಗೆಲೆಗಳ ನಡುವೆ ತಾನೂ ಒಂದು ಎಲೆಯಾಗಿ ಕೂತಿರುತ್ತದೆ, ಕತ್ತಲಾದ ಮೇಲೆ ಬಲೆ ನೇಯುತ್ತದೆ. ಹ್ಯಾರಿ ಪಾಟರ್ ಕಥೆಯ ಮಂತ್ರದ ಟೊಪ್ಪಿಯ ಹಾಗಿದೆ ಎಂದು ಆ ಟೊಪ್ಪಿಯ ಮೊದಲ ಒಡೆಯನ ಹೆಸರು ಸೇರಿಸಿ ಎರಿಯೊವಿಕ್ಸಿಯಾ ಗ್ರಿಫಿಂಡೋರಿ ಎಂದು ಕರೆದರು. ಕಥೆ ಬರೆದ ರೌಲಿಂಗ್ ಅವರೂ ಅಭಿನಂದಿಸಿದರು.

ಆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಉಗುರಿಗಿಂತ ಸಣ್ಣ ಜೀವಿ ಲೋಕದ ಕಣ್ಣಿಗೆ ಬಿದ್ದದ್ದು ಅದರಿಂದಲೇ. ಆದರೆ ಚಿತ್ರ ನೋಡಿದಾಗ ನನಗೆ ಕಂಡದ್ದು ಕಂಬಳಿಕೊಪ್ಪೆ. ಜಡಿಮಳೆಯಲ್ಲಿ ಗದ್ದೆಗೆ ಹೊರಟ ಅಪ್ಪ ತಲೆಗೆ ಹಾಕಿಕೊಳ್ಳುತ್ತಿದ್ದ, ತುದಿ ಚೂಪಾದ ಅದೇ ಕೊಪ್ಪೆ. ಶಾಸ್ತ್ರದ ಹೆಸರು ಶಾಸ್ತ್ರಕ್ಕಿರಲಿ, ಕನ್ನಡದಲ್ಲಿ ಇದನ್ನು ಕೊಪ್ಪೆ ಜೇಡ ಎನ್ನೋಣ. ಮಕ್ಕಳು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ನನ್ನ ಬಳ್ಳಿಯ ಮೇಲಿದ್ದದ್ದು ಅದೇ ಎಂದು ನಾನು ಹೇಳುತ್ತಿಲ್ಲ. ಬಣ್ಣ, ಆಕಾರ ನೋಡಿ ಹೆಚ್ಚಿನ ಜೇಡಗಳ ಪ್ರಭೇದ ಹೇಳಲಾಗುವುದಿಲ್ಲ. ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಗಂಡಾದರೆ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ. ಅದನ್ನು ಬಿಡಿಸಿ, ಅಳೆದು, ಚಿತ್ರ ಬರೆದು, ಹತ್ತಿರದ ಪ್ರಭೇದಗಳ ಹಳೆಯ ವಿವರಣೆಗಳೊಂದಿಗೆ ಒಂದೊಂದಾಗಿ ಹೋಲಿಸಿ, ಮಾದರಿಯನ್ನು ಆಲ್ಕೋಹಾಲಿನಲ್ಲಿಟ್ಟು ಮುಂದಿನವರು ನೋಡಲೆಂದು ಸಂಗ್ರಹಕ್ಕೆ ಒಪ್ಪಿಸಬೇಕು. ಕೊಪ್ಪೆ ಜೇಡದ ಮೊದಲ ವಿವರಣೆ ಬರೆದದ್ದು ಹೆಣ್ಣನ್ನು ನೋಡಿಯೇ. 2022ರಲ್ಲಿ ಲೋಕದ ಜೇಡಗಳ ಪಟ್ಟಿ 50,000ಕ್ಕೆ ಮುಟ್ಟಿತು. ಪ್ರತಿ ಹೆಸರಿನ ಹಿಂದೆಯೂ ಇಂಥ ದುಡಿಮೆಯಿದೆ.

ಜಮೀನಿಗೆ ಪಹಣಿ ಇದ್ದ ಹಾಗೆ ಜೀವಿಗೆ ಈ ವಿವರಣೆ. ಅದಿಲ್ಲದಿದ್ದರೆ ಕಾನು ಕಡಿಯುವಾಗ ಇಲ್ಲಿ ಯಾರಿದ್ದರು ಎಂದು ಕೇಳುವವರೇ ಇರುವುದಿಲ್ಲ. ಸೊರಬ, ಸಾಗರ, ಸಿದ್ದಾಪುರದ ಕಡೆ ಹಿರಿಯರು ದೇವರ ಹೆಸರಿನಲ್ಲಿ, ಮೆಣಸಿನ ಆಸೆಯಲ್ಲಿ, ನೀರಿನ ಅಗತ್ಯಕ್ಕೆ ಕಾನು ಕಾಯ್ದರು. ಅವರು ಉಳಿಸಿಕೊಟ್ಟ ತಣ್ಣನೆಯ ನೆರಳಿನಲ್ಲೇ ಈ ಜೇಡ ಸಿಕ್ಕಿದ್ದು. ಒತ್ತುವರಿಯಾಗಿ, ಅಕೇಶಿಯಾ ನೆಟ್ಟು, ಆ ಕಾನುಗಳು ಈಗ ಚೂರುಚೂರಾಗಿವೆ.

ಜೀವಿಗಳನ್ನು ಹೀಗೆ ಗುರುತಿಸಿ ವಿವರಿಸುವುದನ್ನು ನಮ್ಮ ಪಿಯುಸಿ ಹುಡುಗಿಯರಿಗೆ ಕಲಿಸುವವರು ಬೇಕು. ಮಲೆನಾಡಿನ ಪ್ರತಿ ತಾಲೂಕಿನ ಒಂದು ಕಾಲೇಜಿನಲ್ಲಾದರೂ ಒಳ್ಳೆಯ ಸೂಕ್ಷ್ಮದರ್ಶಕ, ಮಾದರಿ ಇಡಲು ಒಂದು ಬೀರು, ಬಲ್ಲವರೊಬ್ಬರು ಇರಲಿ. ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ. ಅಲ್ಲಿಯವರೆಗೆ, ಕಾನಿನ ಅಂಚಿನ ಮನೆಯವರಲ್ಲಿ ನನ್ನದೊಂದು ಕೋರಿಕೆ: ದರಕು (ತರಗೆಲೆ) ಗುಡಿಸುವಾಗ ಒಂದು ಮೂಲೆಯನ್ನು ಹಾಗೇ ಬಿಡಿ, ಅದಕ್ಕೆ ಬೆಂಕಿ ಕೊಡಬೇಡಿ.